ರಾಟಿ ಬಟ್ಟಲಿನ ಬಾಡಿಗೆ

ಐವತ್ತು ವರ್ಷ ಬಂದೂಕು ರಿಪೇರಿ ಮಾಡಿಯೂ ಹತ್ತು ಬೆರಳನ್ನು ಉಳಿಸಿಕೊಂಡ ಮನುಷ್ಯ ಮಾಬುಸಾಬ್. ಅದರ ಬಗ್ಗೆ ಅವನಿಗೆ ಸ್ವಲ್ಪ ಜಂಬವೂ ಇತ್ತು. ಇರಲಿ ಬಿಡಿ, ಬೇರೆ ಯಾವುದಕ್ಕೂ ಜಂಬಪಡದವನಿಗೆ ಅಷ್ಟೂ ಇರಬಾರದೇ? ಅಂಥವನು ಎರಡು ಸಾವಿರದ ಏಳನೇ ಇಸವಿಯ ಕಾರಹುಣ್ಣಿಮೆ ಕಳೆದ ವಾರ, ಕೊಟ್ಟೂರಿನ ತನ್ನ ಅಂಗಡಿಯಲ್ಲಿ ರಾಟಿಗೆ ಎಣ್ಣೆ ಬಿಡುತ್ತಾ ಕೂತವನು, ಅದನ್ನು ಕಡಪ ಕಲ್ಲಿನ ನೆಲದ ಮೇಲೆ ಬೀಳಿಸಿಬಿಟ್ಟ. ಯಾರೂ ನೂಕಲಿಲ್ಲ, ಏನೂ ತಗುಲಲಿಲ್ಲ. ಕೈ ನಡುಗಿತು, ಅಷ್ಟೇ. ಏಳೆಂಟು ತಿಂಗಳಿಂದ ಬಲಗೈ ಹಾಗೆ ನಡುಗುತ್ತಿತ್ತು. ಅದನ್ನು ಅವನು ಹೆಂಡತಿ ಮಕ್ತುಂಬಿಗೂ ಹೇಳಿರಲಿಲ್ಲ. ಅವಳಿಗೆ ಗೊತ್ತಿತ್ತು, ಅದು ಬೇರೆ ಮಾತು.

ರಾಟಿ ಅಂದರೆ ನೂಲುವ ರಾಟಿಯಲ್ಲ, ಖಾಲಿ ತೋಟಾವನ್ನು ಮತ್ತೆ ತುಂಬುವಾಗ ಬೇಕಾಗುವ ಕೈಯಂತ್ರ. ಕಾಗದದ ತೋಟಾದೊಳಗೆ ತುಂಬುವುದೆಲ್ಲ ತುಂಬಿದ ಮೇಲೆ ಅದರ ಬಾಯನ್ನು ರಾಟಿಗೆ ಕೊಟ್ಟು ಹಿಡಿಕೆ ತಿರುಗಿಸಬೇಕು. ಆಗ ಒಳಗಿರುವ ಹಿತ್ತಾಳೆಯ ಬಟ್ಟಲು ಕಾಗದದ ಅಂಚನ್ನು ಕಡುಬಿನ ಅಂಚು ಮಡಚಿದ ಹಾಗೆ ದುಂಡಗೆ ಒಳಕ್ಕೆ ಮಡಚುತ್ತದೆ. ಕಲ್ಲಿಗೆ ಬಿದ್ದು ಸೀಳಿದ್ದು ಆ ಬಟ್ಟಲೇ. ಮಾಬುಸಾಬ್ ಅದನ್ನೆತ್ತಿ ಬೆಳಕಿಗೆ ಹಿಡಿದ. ಸೀಳು ಅಂಚಿನಿಂದ ತಳದವರೆಗೆ ಹೋಗಿತ್ತು.

ಒಂದು ಹಳೇ ಯಂತ್ರ ಕೆಟ್ಟರೆ ಇಷ್ಟು ಯಾಕೆ ಕಂಗೆಡಬೇಕು ಅಂತ ನೀವು ಕೇಳಬಹುದು. ಗೋಡೆಯ ಮೇಲೆ ಕನ್ನಡಿ ಹಾಕಿ ತೂಗಿದ್ದ ಪರವಾನಗಿಯ ಪ್ರಕಾರ ಅದು ತೋಟಾ ತುಂಬಿಕೊಡುವ ಅಂಗಡಿಯೇ ಆಗಿದ್ದರೂ ತುಂಬಿಸಿಕೊಳ್ಳಲು ಬರುವವರೆಲ್ಲ ಎಂದೋ ನಿಂತುಹೋಗಿದ್ದರು. ಒಬ್ಬನನ್ನು ಬಿಟ್ಟು. ಆ ಒಬ್ಬ ಚಿಗಟೇರಿಯ ಶಿವಯೋಗಪ್ಪ.

ಶಿವಯೋಗಪ್ಪ ಮೂವತ್ತೊಂದು ವರ್ಷದಿಂದ ನಾಗರಪಂಚಮಿ ಮುಗಿದ ಎಂಟನೇ ದಿನ ಮೊದಲ ಬಸ್ಸಿಗೆ ಕೊಟ್ಟೂರಿಗೆ ಬರುತ್ತಿದ್ದ. ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಹೊಲಕ್ಕೆ ಹಂದಿ ನುಗ್ಗುತ್ತವೆ, ಹೆದರಿಸಲಿಕ್ಕೆ ತೋಟಾ ಬೇಕು ಅನ್ನುವುದು ಕಾರಣ. ಕೈಚೀಲದಲ್ಲಿ ಹನ್ನೆರಡು ಖಾಲಿ ತೋಟಾ, ಇನ್ನೊಂದು ಡಬ್ಬಿಯಲ್ಲಿ ಅವನ ಹೆಂಡತಿ ನಾಗಲಿಂಗಮ್ಮ ಮಕ್ತುಂಬಿಗೆ ಕಳಿಸಿದ ಪಂಚಮಿ ಉಂಡಿ. ಹನ್ನೆರಡು ತೋಟಾ ತುಂಬುವುದು ಒಂದು ಗಂಟೆಯ ಕೆಲಸ. ಇಬ್ಬರೂ ಸೇರಿ ಅದನ್ನು ಸಂಜೆಯ ಕಡೇ ಬಸ್ಸಿನತನಕ ಎಳೆಯುತ್ತಿದ್ದರು. ಮಧ್ಯಾಹ್ನದ ಊಟಕ್ಕೆ ಮೊದಮೊದಲು ಹೋಟೆಲಿನಿಂದ ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಿಸುತ್ತಿದ್ದರು. ಲಿಂಗಾಯತರ ಮನುಷ್ಯ, ನಮ್ಮ ಮನೆಯಲ್ಲಿ ಹೇಗೆ ಉಂಡಾನು ಅಂತ. ಆರನೇ ವರ್ಷವೋ ಏಳನೇ ವರ್ಷವೋ ಶಿವಯೋಗಪ್ಪನೇ ಒಳಗೆ ಇಣುಕಿ, ಮಕ್ತುಂಬಿ, ನಿನ್ನ ರೊಟ್ಟಿ ವಾಸನಿ ಹೊರಗಿನತನಕ ಬರ್ತೈತಿ, ನನಗ್ಯಾಕ ಮಂಡಾಳು ತಿನ್ನಸ್ತೀರಿ ಅಂದುಬಿಟ್ಟ. ಮಕ್ತುಂಬಿ ಅವತ್ತೇ ಸಂತೆಗೆ ಹೋಗಿ ಹೊಸ ಹಂಚು ತಂದಳು. ಮಾಂಸದ ಮನೆಯ ಹಂಚು ಬೇಡ ಅಂತ ಅದು ಅವನಿಗೇ ಬೇರೆ. ವರ್ಷದಲ್ಲಿ ಒಂದೇ ದಿನ ಒಲೆ ಏರಿ, ಉಳಿದ ದಿನವೆಲ್ಲ ಮೊಳೆಗೆ ತೂಗಿಕೊಂಡಿರುತ್ತಿತ್ತು ಆ ಹಂಚು.

ಈಗ ರಾಟಿಯೇ ಇಲ್ಲ ಅಂದರೆ ಶಿವಯೋಗಪ್ಪ ಏನನ್ನುತ್ತಾನೆ ಅಂತ ಮಾಬುಸಾಬನಿಗೆ ಚೆನ್ನಾಗಿ ಗೊತ್ತಿತ್ತು. ಹೋಗಲಿ ಬಿಡು, ಬಳ್ಳಾರಿಯಲ್ಲಿ ಸಿದ್ಧ ತೋಟಾ ಸಿಗ್ತಾವು ಅನ್ನುತ್ತಾನೆ. ಆಮೇಲೆ ಬರುವುದಿಲ್ಲ. ಅವನ ಸ್ವಭಾವವೇ ಹಾಗೆ, ಕಾರಣವಿಲ್ಲದೆ ಯಾರ ಹೊಸ್ತಿಲನ್ನೂ ತುಳಿಯದ ಮನುಷ್ಯ. ಸ್ವಂತ ಮಗಳ ಮನೆಗೆ ಹೋಗಬೇಕಾದರೂ ಹೆಗಲ ಮೇಲೆ ಒಂದು ಚೀಲ ಜೋಳ ಇರಲೇಬೇಕು; ಜೋಳ ಇಳಿಸಲಿಕ್ಕೆ ಬಂದೆ ಅಂತ ಹೇಳಿ ಮೊಮ್ಮಕ್ಕಳ ಮುಖ ನೋಡಿ ಬರುವ ಜಾತಿ. ಮಾಬುಸಾಬನಾದರೂ ತಾನೇ ಚಿಗಟೇರಿಗೆ ಹೋಗಬಹುದಿತ್ತಲ್ಲ? ಹೋಗಬಹುದಿತ್ತು. ಅಂಗಡಿಯವನು ಗಿರಾಕಿಯ ಮನೆಗೆ ಹೋದರೆ ಊರವರು ಬಾಕಿ ವಸೂಲಿಗೆ ಬಂದ ಅಂದುಕೊಂಡಾರು ಅನ್ನುವ ಸಂಕೋಚ ಅವನದು. ಇಬ್ಬರು ಮುದುಕರೂ ಸೇರಿ ಮೂವತ್ತೊಂದು ವರ್ಷದ ಸ್ನೇಹವನ್ನು ಒಂದು ಹಿತ್ತಾಳೆ ಬಟ್ಟಲಿನ ಮೇಲೆ ನಿಲ್ಲಿಸಿಕೊಂಡಿದ್ದರು ನೋಡಿ, ಅದಕ್ಕೇನನ್ನೋಣ!

ಹರಪನಹಳ್ಳಿಯ ಲೇಥಿನವನ ಹತ್ತಿರ ಮೂರು ಸಲ ಬಟ್ಟಲು ಮಾಡಿಸಿದ. ಮೊದಲನೆಯದು ಕಾಗದವನ್ನೇ ಹರಿದುಹಾಕಿತು, ಎರಡನೆಯದು ಮಡಚಲೇ ಇಲ್ಲ, ಮೂರನೆಯದಕ್ಕೆ ಲೇಥಿನವನೇ ಕೈಮುಗಿದ. ಆಗ ನೆನಪಾದವಳು ಅಕ್ಕನ ಮಗಳು ನೂರೀನ. ಅವಳು, ಗಂಡ ಅಕ್ರಂ ಸೇರಿ ಬಸ್‌ಸ್ಟ್ಯಾಂಡ್ ಹತ್ತಿರ ಎಸ್‌ಟಿಡಿ ಬೂತನ್ನು ಇಂಟರ್‌ನೆಟ್ ಸೆಂಟರ್ ಮಾಡಿದ್ದರು. ಮೂರು ಕಂಪ್ಯೂಟರ್, ಒಂದು ಫ್ಯಾನು. ಪರೀಕ್ಷೆ ಫಲಿತಾಂಶದ ದಿನ ಬಿಟ್ಟರೆ ಜನ ಫ್ಯಾನಿಗೇ ಬರುತ್ತಿದ್ದರು.

ನೂರೀನ ಎರಡು ದಿನ ಹುಡುಕಿದಳು. ಕಲ್ಕತ್ತೆಯ ಕಡೆಯ ಒಂದು ಅಂಗಡಿ ತನ್ನ ಸಾಮಾನುಗಳನ್ನೆಲ್ಲ ವೆಬ್‌ಸೈಟಿನಲ್ಲಿ ಹಾಕಿತ್ತು. ಚಿತ್ರ ಮೇಲಿನಿಂದ ಕೆಳಕ್ಕೆ ಒಂದೊಂದೇ ಪಟ್ಟಿಯಾಗಿ ಬಿಚ್ಚಿಕೊಳ್ಳುತ್ತಾ ಬಂತು. ಅರ್ಧ ಬಿಚ್ಚುವಷ್ಟರಲ್ಲೇ ಮಾಬುಸಾಬ್ ಗುರುತು ಹಿಡಿದ. ಅದೇ ಬಟ್ಟಲು. ಬೆಲೆ ಇನ್ನೂರ ಅರವತ್ತು ರೂಪಾಯಿ. ಅಲ್ಲಾಹ್ ದೊಡ್ಡವನು ಅಂತ ಜೇಬಿಗೆ ಕೈಹಾಕಿದವನಿಗೆ ನೂರೀನ ಸ್ವಲ್ಪ ತಡೆಯಲು ಹೇಳಿದಳು. ಕೆಳಗೆ ಇನ್ನೊಂದು ಸಾಲಿತ್ತು. ಶಿಪ್ಪಿಂಗ್, ಎಂಟು ನೂರ ನಲವತ್ತು.

ಅದು ಕಳಿಸುವ ಖರ್ಚು ಅಂತ ಅವಳು ಬಿಡಿಸಿ ಹೇಳಿದಳು. ಬಟ್ಟಲನ್ನು ಆನೆಯ ಮೇಲೆ ಕೂರಿಸಿ ಕಳಿಸುತ್ತಾರೇನು ಅಂತ ಮಾಬುಸಾಬ್ ಕೇಳಿದ. ಒಂದು ಅಂಗೈಯಲ್ಲಿ ಹಿಡಿಯುವ ಹಿತ್ತಾಳೆಗೆ, ಅದರ ಮೂರು ಪಟ್ಟಿಗಿಂತ ಹೆಚ್ಚಿನ ಬಾಡಿಗೆ! ಮನೆಗೆ ಬಂದು ಹೇಳಿದಾಗ ಮಕ್ತುಂಬಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಮೂಗಿಗಿಂತ ಮೂಗುತಿ ಭಾರ ಆತಲ್ಲ ಅಂದಳು, ಅಷ್ಟೇ. ಬೇಡ ಅನ್ನಲಿಲ್ಲ. ಮೊಳೆಯ ಮೇಲಿನ ಹಂಚಿನ ಕಡೆ ಒಂದು ಸಲ ನೋಡಿದಳು.

ಈಗ ಮಾಬುಸಾಬ್ ಮಾಡಿದ್ದೇನು ಕೇಳಿ. ಈ ಸೀಮೆಯಲ್ಲಿ ಬಾಡಿಗೆ ಹೆಚ್ಚಾಯಿತು ಅಂದರೆ ಜನ ಕಂಗಾಲಾಗುವುದಿಲ್ಲ, ಪಾಲುದಾರರನ್ನು ಹುಡುಕುತ್ತಾರೆ. ದಾವಣಗೆರೆಯಿಂದ ಒಂದು ಬಾಗಿಲು ತರಬೇಕಾದರೆ ಓಣಿಯೆಲ್ಲ ತಿರುಗಿ ಒಬ್ಬನ ಕಪಾಟು, ಇನ್ನೊಬ್ಬನ ಗಿರಣಿ ಕಲ್ಲು, ಮತ್ತೊಬ್ಬನ ಎರಡು ಮೂಟೆ ಹಿಂಡಿ ಸೇರಿಸಿ ಟೆಂಪೋ ತುಂಬಿಸುತ್ತಾರೆ. ಹಂಚಿಕೊಂಡರೆ ತಲೆಗೆ ಐವತ್ತೂ ಬೀಳುವುದಿಲ್ಲ. ಕಲ್ಕತ್ತೆಯ ಗಾಡಿಯಾದರೇನು, ಡ್ರೈವರ್ ಒಬ್ಬನೇ ತಾನೇ? ಹೀಗೆ ಲೆಕ್ಕ ಹಾಕಿ, ನೂರೀನಳನ್ನು ಒಂದು ಮಾತೂ ಕೇಳದೆ, ಹಳೇ ಗಿರಾಕಿಗಳ ವಿಳಾಸದ ಪುಸ್ತಕ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದ.

ಹಗರಿಬೊಮ್ಮನಹಳ್ಳಿಯ ಮಂಜಣ್ಣ ಬಂದೂಕಿನ ನಳಿಗೆ ಉಜ್ಜುವ ಬುರುಸು ಬೇಕು ಅಂದ. ಅವನ ಮನೆಯಲ್ಲಿ ಚಹಾ. ಹಡಗಲಿಯ ಬಂಗಾರಪ್ಪನಿಗೆ ತೋಟಾ ಸಿಕ್ಕಿಸುವ ಚರ್ಮದ ಪಟ್ಟಿ ಬೇಕಾಗಿತ್ತು. ಅವನ ಮನೆಯಲ್ಲಿ ಊಟ, ಹೂ ಕೊಳ್ಳದೆ ಹಡಗಲಿಯಿಂದ ಹೋಗುವವನು ಗಂಡಸೇ ಅಂತ ತಮಾಷೆ ಮಾಡಿ ಒಂದು ಮೊಳ ಮಲ್ಲಿಗೆಯನ್ನೂ ಕಟ್ಟಿಸಿಕೊಟ್ಟ. ಹೂ ತಂದದ್ದಕ್ಕೆ ಮಕ್ತುಂಬಿ, ಈ ವಯಸ್ಸಿನಾಗ ಏನು ತಪ್ಪು ಮಾಡಿ ಬಂದ್ರಿ ಅಂತ ಕೇಳಿದಳು. ಮುಡಿದುಕೊಂಡಳು ಅನ್ನುವುದನ್ನೂ ಹೇಳಬೇಕು. ಇಬ್ಬರು ಸಿಕ್ಕಿದ್ದರು, ಇನ್ನೊಬ್ಬ ಸಿಕ್ಕರೆ ಬಾಡಿಗೆ ತಲೆಗೆ ಇನ್ನೂರ ಹತ್ತಕ್ಕೆ ಇಳಿಯುತ್ತದೆ ಅಂತ ಮಾಬುಸಾಬ್ ಮಾರನೇ ದಿನ ಕೂಡ್ಲಿಗಿ ದಾಟಿ ಗುಡೇಕೋಟೆಯ ಕಡೆ ಹೊರಟ. ಅಲ್ಲಿ ಓಬಳೇಶ ಅಂತ ಒಬ್ಬನಿದ್ದ. ಕರಡಿ ಗುಡ್ಡದ ಬುಡದಲ್ಲೇ ಅವನ ಹೊಲ, ಬೆಳೆ ಕಾಯಲಿಕ್ಕೆ ಅಂತ ತಂದೆಯ ಕಾಲದಿಂದ ಪರವಾನಗಿಯ ಬಂದೂಕು.

ಓಬಳೇಶ ಹಸನ್ಮುಖಿ, ಮೂವತ್ತೈದರ ಆಸುಪಾಸಿನವನು. ಬಂದೂಕು ರಿಪೇರಿಯವರು ಮನೆಗೇ ಬಂದಿದ್ದಾರೆ ಅಂತ ಖುಷಿಯಾಗಿ, ಒಮ್ಮೆ ನೋಡ್ರಿ ಅಂತ ತನ್ನ ಬಂದೂಕನ್ನೇ ತಂದು ಕೈಗಿಟ್ಟ. ಜೊತೆಗೆ ಕಿಟಕಿಯ ಮೇಲಿದ್ದ ನಾಲ್ಕೈದು ಖಾಲಿ ತೋಟಾಗಳನ್ನೂ ತಂದ. ಮಾಬುಸಾಬ್ ಒಂದು ತೋಟಾ ಎತ್ತಿ ತಿರುಗಿಸಿ ಅದರ ಹಿತ್ತಾಳೆ ತಳ ನೋಡಿದ. ಆಮೇಲೆ ಇನ್ನೊಂದನ್ನು ನೋಡಿದ. ಕನ್ನಡಕ ಒರೆಸಿಕೊಂಡು ಮತ್ತೆ ಮೊದಲನೆಯದನ್ನು ನೋಡಿದ.

ಬಂದೂಕಿನ ಪಿನ್ನು ತೋಟಾದ ತಳಕ್ಕೆ ಬಡಿದಾಗ ಒಂದು ಸಣ್ಣ ಗುಣಿ ಬೀಳುತ್ತದೆ. ಅದು ನಡುಮಧ್ಯಕ್ಕೆ ಬೀಳಬೇಕು. ಇವುಗಳಲ್ಲಿ ಜೋಳದ ಕಾಳಿನರ್ಧದಷ್ಟು ಎಡಕ್ಕೆ ಬಿದ್ದಿತ್ತು. ಇದೇ ಎಡಗುಣಿಯನ್ನು ಮಾಬುಸಾಬ್ ಮೂರು ವರ್ಷದಿಂದ ನೋಡುತ್ತಿದ್ದ, ಶಿವಯೋಗಪ್ಪ ತರುವ ತೋಟಾಗಳಲ್ಲಿ. ನಿನ್ನ ಬಂದೂಕಿನ ಪಿನ್ನು ಸರಿದಿದೆ, ಮುಂದಿನ ಸಲ ತಗೊಂಡು ಬಾ ಅಂತ ಮೂರು ವರ್ಷವೂ ಹೇಳಿದ್ದ. ಬಸ್ಸಿನಲ್ಲಿ ಬಂದೂಕು ಹೊತ್ತು ಬಂದರೆ ಕಂಡಕ್ಟರ್ ಕಿರಿಕಿರಿ ಮಾಡುತ್ತಾನೆ ಅಂತ ಮೂರು ವರ್ಷವೂ ಶಿವಯೋಗಪ್ಪ ಜಾರಿಕೊಂಡಿದ್ದ.

ಮಾಬುಸಾಬ್ ಮೆತ್ತಗೆ, ನಿನ್ನ ಖಾಲಿ ತೋಟಾ ಏನು ಮಾಡ್ತೀಯಪ್ಪ ಅಂತ ಕೇಳಿದ. ಓಬಳೇಶನಿಗೆ ಮುಚ್ಚಿಡುವಂಥದ್ದೇನೂ ಕಾಣಲಿಲ್ಲ.

"ಚಿಗಟೇರಿ ಶಿವಯೋಗಪ್ಪಾರು ವರ್ಷಾ ಬಂದು ಹನ್ನೆರಡು ಒಯ್ತಾರ್ರಿ. ನಿಮ್ಮತ್ರ ತುಂಬಿಸಿ ತಂದು ನನಗ ಕೊಡ್ತಾರ. ರೊಕ್ಕ ಕೊಟ್ರ ತಗಳಂಗಿಲ್ಲ. ಅವರ ಬಂದೂಕ ಮೂರು ವರ್ಷದ ಹಿಂದ ಎಲೆಕ್ಷನ್‌ದಾಗ ಠಾಣೆಗೆ ಇಟ್ಟದ್ದು ಅಲ್ಲೇ ಐತಲ್ರಿ, ಕಣ್ಣಿಗೆ ಪೊರಿ ಬಂದೈತಿ, ಇನ್ನ ನನಗ್ಯಾಕ ಅಂತ ಬಿಡಿಸ್ಕೊಂಡೇ ಇಲ್ಲ. ನಿಮಗ ಗೊತ್ತಿಲ್ಲೇನ್ರಿ?"

ಗೊತ್ತೈತಿ, ಗೊತ್ತೈತಿ ಅಂದ ಮಾಬುಸಾಬ್. ಸುಳ್ಳು. ಓಬಳೇಶನ ಪಿನ್ನು ಸರಿಮಾಡಬೇಕು ಅಂತ ಕೈ ಎಂದಿನಂತೆ ಚೀಲದಲ್ಲಿದ್ದ ಸಲಕರಣೆಯ ಕಡೆ ಹೋಯಿತು, ಮತ್ತೆ ಹಿಂದಕ್ಕೆ ಬಂತು. ಆ ಎಡಗುಣಿ ಇದ್ದಹಾಗೇ ಇರಲಿ ಅನ್ನಿಸಿತೋ ಏನೋ, ಆಮೇಲೆ ನೋಡೋಣ ಅಂದು ಎದ್ದ.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವನು ಲೆಕ್ಕ ಹಾಕಿದ. ಚಿಗಟೇರಿಯಿಂದ ಕೊಟ್ಟೂರು, ಕೊಟ್ಟೂರಿನಿಂದ ಕೂಡ್ಲಿಗಿ, ಕೂಡ್ಲಿಗಿಯಿಂದ ಗುಡೇಕೋಟೆ. ಖಾಲಿ ತರಲಿಕ್ಕೆ ಒಂದು ಸಲ, ತುಂಬಿದ್ದು ಕೊಡಲಿಕ್ಕೆ ಒಂದು ಸಲ. ಪೊರೆ ಬಂದ ಕಣ್ಣಿಟ್ಟುಕೊಂಡು ಬಸ್ಸಿನ ಬೋರ್ಡು ಯಾರ ಹತ್ತಿರ ಓದಿಸುತ್ತಿದ್ದನೋ ಏನೋ. ಕೊಟ್ಟೂರಿಗೆ ಬಂದೂ ಅಂಗಡಿಗೆ ಬಾರದೆ ಬಸ್‌ಸ್ಟ್ಯಾಂಡಿನಲ್ಲೇ ಬಸ್ಸು ಬದಲಿಸಿ ಹೋಗಿದ್ದಾನೆ, ಕಳ್ಳ! ಮಾಬುಸಾಬನಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಕಣ್ಣು ಒದ್ದೆಯಾಗಿ, ಪಕ್ಕದ ಸೀಟಿನ ಹೆಂಗಸು ನೋಡಿಯಾಳು ಅಂತ ಮುಖ ಹೊರಗೆ ಹಾಕಿದ. ಅಷ್ಟು ವರ್ಷ ತಾನೊಬ್ಬನೇ ಆ ದಿನಕ್ಕಾಗಿ ಕಾಯುವವನು ಅಂದುಕೊಂಡಿದ್ದ.

ಬಸ್ಸಿಳಿದವನೇ ನೂರೀನಳ ಅಂಗಡಿಗೆ ಹೋಗಿ ಬುರುಸು, ಪಟ್ಟಿ, ಬಟ್ಟಲು ಮೂರನ್ನೂ ಹೇಳಿದ. ಅವಳು ಮೂರನ್ನೂ ಒತ್ತಿದಳು. ಪರದೆಯ ಮೇಲೆ ಬಾಡಿಗೆ ಇಳಿಯುವ ಬದಲು ಎರಡು ಸಾವಿರದ ಐನೂರ ಇಪ್ಪತ್ತಕ್ಕೆ ಏರಿ ಕೂತಿತು. ಆ ಅಂಗಡಿಯವರು ಪ್ರತಿ ನಗಕ್ಕೂ ಬೇರೆ ಬೇರೆ ಬಾಡಿಗೆ ಹಾಕುತ್ತಾರೆ, ಮೂರು ಸಾಮಾನು ಅಂದರೆ ಮೂರು ಬಾಡಿಗೆ ಅಂತ ಅವಳು ಹೇಳಿದಳು. ಇದನ್ನು ಮೊದಲೇ ಕೇಳಿದ್ದರೆ ಮೊದಲೇ ಹೇಳುತ್ತಿದ್ದೆ ಅಂತಲೂ ಹೇಳಿದಳು. ಒಂದೇ ಡಬ್ಬಿಯಲ್ಲಿ ಹಾಕಿ ಮೂರು ಬಾಡಿಗೆ ತಗೊಳ್ಳುವುದು ಯಾವ ಊರಿನ ನ್ಯಾಯ ಅಂತ ಮಾಬುಸಾಬ್ ಕಂಪ್ಯೂಟರಿಗೇ ಬೈದ. ಎರಡು ದಿನ ಊರೂರು ಅಲೆದ ಬಸ್ ಚಾರ್ಜನ್ನು ಅವನು ಯಾರಿಗೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ.

ನೂರೀನ ಕೈಕಟ್ಟಿ ಕೂತು ಅವನನ್ನೇ ನೋಡಿದಳು. ಅವಳಿಗೆ ಎಲ್ಲ ಹೇಳಿದ್ದ ಅವನು, ಓಬಳೇಶನ ವಿಷಯವನ್ನೂ. "ಮಾಮು, ಅವರತ್ರ ಬಂದೂಕನ ಇಲ್ಲ ಅಂದಮ್ಯಾಗ ಬಟ್ಟಲು ತರಿಸಿ ಏನ್ಮಾಡ್ತೀರಿ? ಬಿಟ್ಟುಬಿಡ್ರಿ."

ಮಾಬುಸಾಬ್ ಪರದೆಯ ಮೇಲೆ ಬಟ್ಟಲಿನ ಸಾಲಿಗೆ ಬೆರಳಿಟ್ಟ. ಮೇಲೆ ಫ್ಯಾನು ಕಿರ್ ಅನ್ನುತ್ತಿತ್ತು. "ಈಗ ಬೇಕಾಗೈತವ್ವ," ಅಂದ. "ಬಂದೂಕ ಇದ್ದಾಗ ಅವ ತೋಟಾಕ್ಕ ಬರ್ತಿದ್ದ. ಈಗ ನನ್ನ ಸಲುವಾಗಿ ಬರ್ತಾನ."

ಬ್ಯಾಂಕಿನಲ್ಲಿ ಡಿಡಿ ತೆಗೆಸಿ ಕಳಿಸಿದರು, ಸಾವಿರದ ನೂರಕ್ಕೆ. ಮಂಜಣ್ಣನಿಗೂ ಬಂಗಾರಪ್ಪನಿಗೂ ಫೋನು ಮಾಡಿ ಬುರುಸು, ಪಟ್ಟಿ ಸ್ಟಾಕಿಲ್ಲವಂತೆ ಅಂತ ಸುಳ್ಳು ಹೇಳಿದ್ದಾಯಿತು. ಪಂಚಮಿ ಬಂತು, ಬಟ್ಟಲು ಬರಲಿಲ್ಲ. ಪಂಚಮಿ ಮುಗಿದು ನಾಲ್ಕು ದಿನವಾಯಿತು, ಬರಲಿಲ್ಲ. ಮಾಬುಸಾಬ್ ದಿನಕ್ಕೆ ಮೂರು ಸಲ ಇಂಟರ್‌ನೆಟ್ ಸೆಂಟರಿಗೆ ಹೋಗಿ ಬರುವುದನ್ನು ನೋಡಿ ಜನ, ಸಾಬರು ಈ ವಯಸ್ಸಿನಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದಾರೆ ಅಂದುಕೊಂಡರು. ಆರನೇ ದಿನ ಫೋನು ಬಂತು. ಕೊರಿಯರಿನವರು ಕೊಟ್ಟೂರಿಗೆ ಬರುವುದಿಲ್ಲವಂತೆ, ಪಾರ್ಸೆಲ್ಲು ಹೊಸಪೇಟೆಯಲ್ಲಿದೆ, ಬಂದು ಒಯ್ಯಬೇಕಂತೆ. ಎಂಟು ನೂರ ನಲವತ್ತು ತಗೊಂಡು ಅರ್ಧ ದಾರಿಯಲ್ಲೇ ಇಳಿಸುತ್ತಾರಲ್ಲ ಅಂತ ಬೈಯುತ್ತಲೇ ಹೋಗಿ ತಂದ. ಡಬ್ಬಿಯೊಳಗೆ ಡಬ್ಬಿ, ಅದರೊಳಗೆ ಕಾಗದದ ರಾಶಿ. ಎಲ್ಲ ಬಿಚ್ಚಿದರೆ ಹಿತ್ತಾಳೆಯ ಪುಟ್ಟ ಬಟ್ಟಲು. ಮಕ್ತುಂಬಿ ಅದನ್ನು ಅಂಗೈಯಲ್ಲಿಟ್ಟು ನೋಡಿ, ಒಳ್ಳೆ ಚಂದ ಐತಿ ಬಿಡ್ರಿ ಅಂದಳು.

ಎಂಟನೇ ದಿನ ಮೊದಲ ಬಸ್ಸಿಗೆ ಶಿವಯೋಗಪ್ಪ ಬಂದ. ಅದೇ ಕೈಚೀಲ, ಅದೇ ಉಂಡಿ ಡಬ್ಬಿ. ಹೊಸ್ತಿಲು ದಾಟುವಾಗ ಕಾಲಿನಿಂದ ಮೆಟ್ಟಿಲು ತಡವಿದ್ದನ್ನು ಮಾಬುಸಾಬ್ ಈ ಸಲ ನೋಡಿದ. ಮೂರು ವರ್ಷದಿಂದ ಹೀಗೆಯೇ ತಡವುತ್ತಿದ್ದನೇನೋ, ತಾನು ಕಂಡಿರಲಿಲ್ಲ. ಮಳೆ, ಶೇಂಗಾ, ನಾಗಲಿಂಗಮ್ಮನ ಮಂಡಿನೋವು, ಎಲ್ಲ ಮಾತು ಮುಗಿದ ಮೇಲೆ ಹನ್ನೆರಡು ತೋಟಾ ಹೊರಗೆ ಬಂದವು. ಎಲ್ಲಕ್ಕೂ ಎಡಗುಣಿ. ಈ ವರ್ಷ ಹಂದಿ ಕಾಟ ಬಹಳ ಅಂತ ಶಿವಯೋಗಪ್ಪ ಗಂಭೀರವಾಗಿ ಹೇಳಿದ. ಹೌದೇನು ಅಂತ ಮಾಬುಸಾಬ್ ಅಷ್ಟೇ ಗಂಭೀರವಾಗಿ ಕೇಳಿದ.

ಪೊರೆ ಬಂದ ಕಣ್ಣಿಗೂ ಹೊಸ ಹಿತ್ತಾಳೆಯ ಹೊಳಪು ಕಂಡಿತು. ಶಿವಯೋಗಪ್ಪ ಬೆರಳಿನಿಂದ ಬಟ್ಟಲು ಮುಟ್ಟಿ, ಇದೇನು ಹೊಸದು ಅಂದ. ಬಿದ್ದು ಒಡೆಯಿತು, ತರಿಸಿದೆ ಅಂದ ಮಾಬುಸಾಬ್. ಎಷ್ಟು ಬಿತ್ತು ಅಂದರೆ ಇನ್ನೂರ ಅರವತ್ತು ಅಂದ. ವ್ಯವಹಾರಸ್ಥ ಶಿವಯೋಗಪ್ಪ ಅಷ್ಟಕ್ಕೇ ಬಿಡುವವನೇ? ಎಲ್ಲಿಂದ ತರಿಸಿದೆ, ಬಾಡಿಗೆ ಎಷ್ಟು ಅಂತ ಕೇಳಿಯೇ ಕೇಳಿದ. ಮಾಬುಸಾಬ್ ಸುಳ್ಳು ಹೇಳಬೇಕು ಅಂದುಕೊಂಡಿದ್ದ. ಬಾಯಿಗೆ ನಿಜವೇ ಬಂತು.

"ಎಂಟು ನೂರಾ ನಲವತ್ತು? ತಲಿ ಕೆಟ್ಟೈತೇನಲೇ ಮಾಬು? ಹನ್ನೆರಡು ತೋಟಾ ತುಂಬಾಕ ಯಾವನಾರ ಇಷ್ಟು ಬಾಡಿಗಿ ಕೊಡ್ತಾನೇನು?"

ಮಾಬುಸಾಬ್ ತೋಟಾವೊಂದನ್ನು ಎತ್ತಿ, ಅದರ ಗುಣಿಯ ಮೇಲೆ ಹೆಬ್ಬೆರಳು ಸವರಿದ. "ನೀ ಕೊಡ್ತೀಯಲ್ಲ. ಮೂರು ವರ್ಷ ಆತು, ಬಂದೂಕ ಇಲ್ಲದಿದ್ರೂ ಗುಡೇಕೋಟಿತನ ಬಸ್ ಚಾರ್ಜು ಕೊಟ್ಟು ಹೋಗಿ ಬರ್ತಿ. ನನ್ನ ಬಾಡಿಗಿಗಿಂತ ನಿಂದ ಹೆಚ್ಚಾಗೈತಿ ಲೇ, ಶಿವಯೋಗಿ."

ಶಿವಯೋಗಪ್ಪ ಪೇಟದ ತುದಿಯಿಂದ ಕಣ್ಣೊರೆಸಿಕೊಂಡ, ಪೊರೆಯ ಕಣ್ಣು ಹೇಗೂ ನೀರು ಸುರಿಸುತ್ತದೆ ಅನ್ನುವ ಹಾಗೆ. ಆ ಓಬಳೇಶನ ಬಾಯಿ ನಿಲ್ಲುವುದಿಲ್ಲ ಅಂತ ಕೊನೆಗೆ ಗೊಣಗಿದ. ಅವನೇನು ಹೇಳುತ್ತಾನೆ, ಅವನ ಪಿನ್ನು ಹೇಳಿತು ಅಂದ ಮಾಬುಸಾಬ್. ಒಳಗೆ ಮಕ್ತುಂಬಿ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಅವಳೂ ಕೇಳುತ್ತಿದ್ದಳು.

"ಸುಮ್ಮನ ಬರಾಕ ನಾಚಿಕಿ ಆಕ್ಕಿತ್ತೋ," ಅಂದ ಶಿವಯೋಗಪ್ಪ. "ಏನಂತ ಬರ್ಲಿ?"

"ಉಣ್ಣಾಕ ಬಂದೀನಿ ಅಂತ ಬಾ."

ಶಿವಯೋಗಪ್ಪ ತೋಟಾಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದ. ಇವಿನ್ನು ಬೇಡವಲ್ಲ ಅಂದ. ಮಾಬುಸಾಬ್ ಚೀಲವನ್ನು ಕಸಿದುಕೊಂಡ. ಎಂಟು ನೂರ ನಲವತ್ತು ಕೊಟ್ಟಿದ್ದೇನೆ, ತುಂಬದೆ ಬಿಡುತ್ತೇನೆಯೇ ಅಂದ. ಓಬಳೇಶನ ಹೊಲಕ್ಕೂ ಹಂದಿ ಬರುತ್ತವೆ ತಾನೇ?

ಎಲ್ಲ ತುಂಬಿ, ಮೊದಲ ತೋಟಾವನ್ನು ರಾಟಿಗೆ ಕೊಟ್ಟ. ಹಿಡಿಕೆ ಹಿಡಿದ ಬಲಗೈ ನಡುಗಿತು. ಕಾಗದದ ಅಂಚು ಓರೆಯಾಗಿ ಮಡಚಿತು. ಮಾಬುಸಾಬ್ ಅದನ್ನು ಬಿಡಿಸಿ ಮತ್ತೆ ಹಿಡಿದ, ಮತ್ತೆ ನಡುಗಿತು. ಕಣ್ಣು ಸರಿಯಾಗಿ ಕಾಣದ ಶಿವಯೋಗಪ್ಪನಿಗೆ ಹಿಡಿಕೆಯ ಗಿಲಿಗಿಲಿ ಕೇಳಿಸಿತು. ಏನೂ ಕೇಳದೆ ಸ್ಟೂಲನ್ನು ಹತ್ತಿರ ಎಳೆದುಕೊಂಡು, ನೀ ಹೇಳು, ನಾ ತಿರುಗಸ್ತೀನಿ ಅಂದ. ಮೂವತ್ತೊಂದು ವರ್ಷದಲ್ಲಿ ಅವನು ಆ ಹಿಡಿಕೆ ಮುಟ್ಟಿದ್ದು ಅವತ್ತೇ. ಮಾಬುಸಾಬ್ ನೋಡಿ, ಇನ್ನ ಸ್ವಲ್ಪ, ಸಾಕು ಅನ್ನುವುದು, ಶಿವಯೋಗಪ್ಪ ತಿರುಗಿಸುವುದು. ಹನ್ನೆರಡೂ ಮುಗಿಯುವ ಹೊತ್ತಿಗೆ ರೊಟ್ಟಿ, ಶೇಂಗಾ ಚಟ್ನಿ, ಮೆಂತ್ಯದ ಪಲ್ಯ ಸಿದ್ಧವಾಗಿದ್ದವು. ಮಕ್ತುಂಬಿ ಬಿಸಿ ರೊಟ್ಟಿ ತಂದು ತಂದು ಹಾಕಿದಳು. ಬೇಡ ಅಂದಾಗಲೂ ಹಾಕಿದಳು.

ಸಂಜೆ ಮಾಬುಸಾಬ್ ಅವನನ್ನು ಬಸ್ಸಿಗೆ ಬಿಡಲು ಹೋದ. ಬೋರ್ಡು ಓದಿ ಹೇಳಿದ, ಕಿಟಕಿಯ ಸೀಟಿನಲ್ಲಿ ಕೂರಿಸಿದ. ಬಸ್ಸು ಹೊರಡುವಾಗ ಶಿವಯೋಗಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಮೂವತ್ತೊಂದು ವರ್ಷ ಅದೇ ಬಸ್ಸಿನಲ್ಲಿ ಓಡಾಡಿದವನು, ಮುಂಜಾನಿ ಬಸ್ಸು ದಿನಾ ಇರ್ತೈತೇನು ಅಂತ ಕೇಳಿದ. ದಿನಾ ಇರ್ತೈತಿ ಅಂದ ಮಾಬುಸಾಬ್.

ಮನೆಗೆ ಬಂದಾಗ ಮಕ್ತುಂಬಿ ಹಂಚು ತೊಳೆದು ಒರೆಸಿ, ಮೊಳೆಗೆ ತೂಗಲು ಕೈಯೆತ್ತಿದ್ದಳು. ಅದನ್ನ ಕೆಳಗನ ಇಡು ಅಂದ ಮಾಬುಸಾಬ್. ಅವಳು ಒಲೆಯ ಪಕ್ಕಕ್ಕೆ ಇಟ್ಟಳು.